ಮುಖ ನೋಡಿ ಮಾರಿದ ಟರ್ಕಿಗಳು

ಆ ಕಚೇರಿಯಲ್ಲಿ ಹಾಲಿನ ಲೆಕ್ಕಕ್ಕೆ ಮೂವರಿದ್ದರು, ಮೊಟ್ಟೆಗೆ ಇಬ್ಬರು, ಈರುಳ್ಳಿಗೆ ಒಬ್ಬರು. ಟರ್ಕಿ ಕೋಳಿಗೆ ಅವಳೊಬ್ಬಳೇ. ದೇಶದ ರೈತರೆಲ್ಲ ಸೇರಿ ಈ ವರ್ಷ ಎಷ್ಟು ಟರ್ಕಿ ಸಾಕುತ್ತಿದ್ದಾರೆ ಎಂದು ಅಂದಾಜು ಮಾಡಿ, ಅದನ್ನು ಒಂದೇ ಒಂದು ಸಂಖ್ಯೆಯಲ್ಲಿ ಹೇಳುವುದು ಅವಳ ಕೆಲಸ. ಸಹೋದ್ಯೋಗಿಗಳಿಗೆ ಅವಳು ಟರ್ಕಿ ಅಕ್ಕ. ಬರುಬರುತ್ತ ಟರ್ಕಿ ಬಿಟ್ಟುಹೋಗಿ ಬರೀ ಅಕ್ಕ ಉಳಿದಿತ್ತು. ಐವತ್ತು ದಾಟಿದವಳು. ಮದುವೆಯಾಗಿರಲಿಲ್ಲ. ಕಚೇರಿಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯ ಮನೆಯಲ್ಲಿ ತಾಯಿಯ ಜೊತೆ ಇದ್ದಳು.

ಟರ್ಕಿಗಳನ್ನು ಯಾರೂ ಕೂತು ಎಣಿಸುವುದಿಲ್ಲ. ಮೊಟ್ಟೆಯಿಂದ ಮರಿ ಮಾಡಿ ಮಾರುವ ಹ್ಯಾಚರಿಗಳು ತಾವು ಎಷ್ಟು ಮರಿ ಮಾರಿದೆವೆಂದು ತಿಳಿಸುತ್ತವೆ. ದೊಡ್ಡ ಫಾರಂಗಳಿಗೆಲ್ಲ ಫೋನ್ ಹೋಗುತ್ತದೆ. ಸಣ್ಣವರಲ್ಲಿ ಆರಿಸಿದ ಕೆಲವರಿಗೆ ಮಾತ್ರ. ಅವರು ಒಬ್ಬೊಬ್ಬರೂ ತಮ್ಮಂಥ ಹತ್ತಾರು ಜನರ ಪರವಾಗಿ ಉತ್ತರ ಕೊಟ್ಟಂತೆ. ಮಾರಿದ ಮರಿಗಳಲ್ಲಿ ಸತ್ತವನ್ನು ಕಳೆದರೆ ಸಾಕಿದವು ಸಿಗಬೇಕು. ಹೇಳುವುದಕ್ಕೆ ಮಗ್ಗಿಯಷ್ಟು ಸುಲಭ. ಆದರೆ ನನ್ನ ಶೆಡ್ಡಿನಲ್ಲಿ ಇಷ್ಟು ಸತ್ತವು ಎಂದು ಬಾಯಿಬಿಟ್ಟು ಹೇಳುವ ರೈತ ಅಪರೂಪ.

ಈ ಸಂಖ್ಯೆಗಾಗಿ ಕಾಯುವವರಿದ್ದರು. ಟರ್ಕಿ ಕೊಂಡು ಮಾಂಸ ಮಾಡಿ ಮಾರುವ ಕಂಪನಿಗಳು ಅದನ್ನು ನೋಡಿಕೊಂಡೇ ದರ ಕಟ್ಟುತ್ತಿದ್ದವು. ಹೆಚ್ಚು ಕೋಳಿ ಇದ್ದರೆ ದರ ಇಳಿಯುತ್ತಿತ್ತು, ಕಡಿಮೆ ಇದ್ದರೆ ಏರುತ್ತಿತ್ತು. ಹಾಗಾಗಿ ಪ್ರಕಟವಾಗುವ ಗಳಿಗೆಯ ತನಕ ಅದು ಯಾರ ಕಿವಿಗೂ ಬೀಳಬಾರದೆಂದು ನಿಯಮ.

ಅಕ್ಕನ ತಮ್ಮ ಟರ್ಕಿ ಸಾಕುತ್ತಿದ್ದ. ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಅವನದು ನಾಲ್ಕು ಉದ್ದನೆಯ ಶೆಡ್ಡುಗಳ ಫಾರಂ. ಈ ಸಂಗತಿಯನ್ನು ಅವಳು ಟರ್ಕಿ ವಿಭಾಗಕ್ಕೆ ಬಂದ ದಿನವೇ ಮೇಲಿನವರಿಗೆ ಹೇಳಿದ್ದಳು. ಲೆಕ್ಕ ಕೇಳಲು ತಮ್ಮನಿಗೆ ಅವಳು ಫೋನ್ ಮಾಡುತ್ತಿರಲಿಲ್ಲ. ಮೊಟ್ಟೆ ವಿಭಾಗದವನು ಮಾಡುತ್ತಿದ್ದ. ತಮ್ಮನೂ ಬಂದಾಗ ಹವಾಮಾನ, ಅಮ್ಮನ ಮಂಡಿನೋವು, ಟ್ರಕ್ಕಿನ ರಿಪೇರಿ ಎಲ್ಲ ಮಾತಾಡುತ್ತಿದ್ದನೇ ಹೊರತು ಲೆಕ್ಕದ ತಂಟೆಗೆ ಹೋಗುತ್ತಿರಲಿಲ್ಲ. ನಲವತ್ತೈದರ ಅವನನ್ನು ತಾಯಿ ಇನ್ನೂ ‘ಮರಿ’ ಎಂದೇ ಕರೆಯುತ್ತಿದ್ದಳು. “ಅವಳು ದೇಶದ ಮರಿಗಳನ್ನೆಲ್ಲಾ ಎಣಿಸ್ತಾಳೆ, ನನ್ನ ಮರೀನ ಮಾತ್ರ ಬಿಟ್ಟು” ಎಂಬುದು ಅವಳ ಹಳೆಯ ತಮಾಷೆ. ಹೇಳುತ್ತಿದ್ದವಳೂ ನಗುತ್ತಿದ್ದವಳೂ ಅವಳೇ.

ಆ ವರ್ಷ ಲೆಕ್ಕ ಹೊಂದಲಿಲ್ಲ. ಹ್ಯಾಚರಿಗಳು ಹಿಂದಿನ ವರ್ಷಕ್ಕಿಂತ ಹೆಚ್ಚು ಮರಿ ಮಾರಿದ್ದವು. ದೊಡ್ಡ ಫಾರಂಗಳು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದವು. ಸಣ್ಣವರ ಉತ್ತರಗಳು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದವು. ಫೋನ್ ಮಾಡುವ ಹುಡುಗಿಯೊಬ್ಬಳು ಒಬ್ಬ ಅಜ್ಜಿಯಿಂದ ಸರಿಯಾದ ಉತ್ತರ ಸಿಗದೆ ಸೋತು ಕೂತಾಗ ಅಕ್ಕ ತಾನೇ ಫೋನ್ ಹಿಡಿದಳು.

“ಎಷ್ಟು ಟರ್ಕಿ ಇದಾವಮ್ಮಾ?”

“ತಂದಿದ್ದು ಕೇಳ್ತೀಯೋ, ಇರೋದು ಕೇಳ್ತೀಯೋ?”

“ಎರಡೂ ಹೇಳಿ.”

“ತಂದಿದ್ದು ಮುನ್ನೂರು. ಇರೋದು... ನಿನ್ನೆ ಕೇಳಿದ್ರೆ ಒಂದು ಹೇಳ್ತಿದ್ದೆ, ಇವತ್ತು ಇನ್ನೊಂದು. ನಾಳೆ ಫೋನ್ ಮಾಡು.”

“ಕೆಮ್ಮು ಬಂದಿದೆಯಾ ಕೋಳಿಗೆ?”

“ನಿಂಗ್ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನೀವು ಫೋನ್ ಎತ್ತಿದಾಗಿಂದ ಹಿಂದೆ ಕೇಳಿಸ್ತಾ ಇದೆ.”

ಅಜ್ಜಿ ನಿಟ್ಟುಸಿರು ಬಿಟ್ಟಳು. “ಅರ್ಧಕ್ಕರ್ಧ ಹೋದವು ತಾಯಿ. ನಮ್ಮಲ್ಲಿ ಮಾತ್ರ ಅಲ್ಲ, ಈ ಸಾಲಲ್ಲೆಲ್ಲಾ ಇದೆ. ಯಾರ ಹತ್ರಾನೂ ಅನ್ಬೇಡ. ಗೊತ್ತಾದ್ರೆ ಕೊಳ್ಳೋರು ಈ ಕಡೆ ತಲೆ ಹಾಕಿ ಮಲಗಲ್ಲ.”

ಅಕ್ಕ ಮುಖ್ಯಸ್ಥರ ಕೋಣೆಗೆ ಹೋದಳು. ಸಾಯುವ ಮರಿಗಳ ಪ್ರಮಾಣವನ್ನು ಹೋದ ವರ್ಷದಂತೆಯೇ ಹಿಡಿದು ಲೆಕ್ಕ ಮುಗಿಸಿಬಿಡಿ ಎಂದು ಅವರು ಅದಾಗಲೇ ಹೇಳಿದ್ದರು. ಅವಳ ಮಾತು ಕೇಳಿ ಕನ್ನಡಕ ತೆಗೆದರು.

“ಫೋನಲ್ಲಿ ಕೋಳಿ ಕೆಮ್ಮಿದ್ದು ಕೇಳಿಸ್ಕೊಂಡು ದೇಶದ ಲೆಕ್ಕ ಬದಲಾಯಿಸ್ತೀರಾ?”

“ಒಂದು ಕೆಮ್ಮಿಗೆ ಬದಲಾಯಿಸೋದು ಬೇಡ ಸಾರ್. ಸಣ್ಣವರಿಗೆಲ್ಲಾ ಇನ್ನೊಂದು ಸುತ್ತು ಫೋನ್ ಮಾಡಿಸೋಣ. ಎಷ್ಟು ಇದಾವೆ ಅಂತ ಕೇಳೋದು ಬೇಡ. ಎಷ್ಟು ಹೂತ್ರಿ ಅಂತ ಕೇಳೋಣ.”

ಅವರಿಗೆ ಇಷ್ಟವಿರಲಿಲ್ಲ, ಆದರೂ ಒಪ್ಪಿದರು. ಪ್ರಶ್ನೆ ತಿರುಗಿದ್ದೇ ಉತ್ತರಗಳೂ ತಿರುಗಿದವು. ಎಷ್ಟಿವೆ ಎಂದರೆ ನಾಚಿಕೊಳ್ಳುತ್ತಿದ್ದವರು ಎಷ್ಟು ಹೂತಿರಿ ಎಂದಾಗ ಗುಂಡಿಯ ಅಳತೆಯನ್ನೂ ಹೇಳಿದರು. ಹೊಸ ಅಂದಾಜು ಹಿಂದಿನ ವರ್ಷಕ್ಕಿಂತ ಸಾಕಷ್ಟು ಕೆಳಗೆ ಬಂದು ನಿಂತಿತು.

ಸಂಖ್ಯೆ ಗುರುವಾರ ಪ್ರಕಟವಾಗಬೇಕಿತ್ತು. ಅದರ ಹಿಂದಿನ ವಾರದ ಕೊನೆಗೆ ಅಕ್ಕನ ಎಡಗಡೆಯ ದವಡೆ ಹಲ್ಲು ನೋಯತೊಡಗಿತು. ಮೊದಲು ತಣ್ಣೀರಿಗೆ, ಆಮೇಲೆ ಬಿಸಿನೀರಿಗೆ, ಕೊನೆಗೆ ಗಾಳಿಗೂ. ಹಲ್ಲಿನ ಡಾಕ್ಟರರ ಬಳಿ ಹೋದರೆ ಅವರು ಕೊಡುವ ಮಾತ್ರೆಗೆ ಎರಡು ದಿನ ಮಂಪರು ಹಿಡಿಯುತ್ತದೆಂದು ಅವಳಿಗೆ ಹಳೆಯ ಅನುಭವದಿಂದ ಗೊತ್ತಿತ್ತು. ಆ ವಾರ ಮಂಪರಿಗೆ ಜಾಗವಿರಲಿಲ್ಲ. ತಾಯಿಗೆ ಹೇಳಿದರೆ ಅವಳು ಕೈಹಿಡಿದು ಎಳೆದುಕೊಂಡೇ ಹೋಗುತ್ತಾಳೆ. ಹೀಗಾಗಿ ಯಾರಿಗೂ ಹೇಳದೆ ಲವಂಗ ಕಚ್ಚಿಕೊಂಡು ಓಡಾಡಿದಳು.

ಭಾನುವಾರ ಹೆಂಡತಿಯೊಡನೆ ತಮ್ಮ ಊಟಕ್ಕೆ ಬಂದ. ತಿಂಗಳಿಗೊಮ್ಮೆ ಬರುವುದು ರೂಢಿ. ಈ ಸಲ ಹಾಗೆ ಬಂದದ್ದು ಆ ಭಾನುವಾರಕ್ಕೆ ಬಿತ್ತು ಅಷ್ಟೇ. ಮೇಜಿನ ಸುತ್ತ ನಾಲ್ವರೂ ಕೂತರು. ಅಕ್ಕ ತಟ್ಟೆಯಲ್ಲಿದ್ದುದನ್ನು ಕೆದಕುತ್ತ ಕೂತಳು. ಒಂದು ತುತ್ತನ್ನು ಬಲಗಡೆ ಅಗಿಯಲು ಹೋಗಿ ತಪ್ಪಿ ಎಡಗಡೆ ಕಚ್ಚಿದಾಗ ಕಣ್ಣಲ್ಲಿ ನೀರು ಬಂತು. ಎದ್ದು ಕಿಟಕಿಯ ಬಳಿ ಹೋಗಿ ಬೀದಿ ನೋಡುತ್ತ ನಿಂತಳು.

“ಕೊನೇ ಶೆಡ್ಡಿಗೆ ಹೊಸ ಫ್ಯಾನ್ ಹಾಕಿಸೋಣ ಅಂತಿದೀನಕ್ಕಾ” ಎಂದ ತಮ್ಮ, ಅವಳ ಬೆನ್ನಿಗೆ.

ಅವಳಿಗೆ ಮಾತಾಡಲು ಬಾಯಿ ತೆರೆದರೆ ಗಾಳಿ ಹೋಗಿ ಹಲ್ಲಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. “ಈಗ ಬೇಡ ಬಿಡೋ” ಎಂದಳು. ಈಗ ಆ ಮಾತು ಬೇಡ, ಆಮೇಲೆ ಮಾತಾಡೋಣ ಎಂಬುದು ಅವಳ ಅರ್ಥ.

ತಮ್ಮನು ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಿದಳು. ಊಟ ಮುಗಿಯುವ ತನಕ ತಾಯಿಯೊಬ್ಬಳೇ ಮಾತಾಡಿದಳು. ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು ಅಕ್ಕನ ಭುಜ ಮುಟ್ಟಿ, “ನೀನೇನೂ ಮನಸ್ಸಿಗೆ ಹಚ್ಕೋಬೇಡ. ನಂಗೆ ಅರ್ಥ ಆಗುತ್ತೆ” ಎಂದ. ಅಮ್ಮನ ಮಂಡಿನೋವಿನ ವಿಚಾರ ಹೇಳುತ್ತಿದ್ದಾನೆಂದುಕೊಂಡು ಅವಳು ತಲೆಯಾಡಿಸಿದಳು.

ಗುರುವಾರ ಬೆಳಿಗ್ಗೆ ಎಂದಿನಂತೆ ಆರು ಜನ ಒಂದು ಕೋಣೆಗೆ ಹೋದರು. ಫೋನುಗಳನ್ನೆಲ್ಲ ಬಾಗಿಲ ಹೊರಗಿನ ಪೆಟ್ಟಿಗೆಗೆ ಹಾಕಿದರು. ಕಿಟಕಿಯ ಪರದೆ ಎಳೆದರು. ಕಾವಲಿನವನು ಹೊರಗಿನಿಂದ ಬೀಗ ಹಾಕಿದ. ಕೊನೆಯ ಸಲ ಎಲ್ಲ ಕೂಡಿ ಕಳೆದು ನೋಡಿ, ಮಧ್ಯಾಹ್ನ ಮುಖ್ಯಸ್ಥರು ಗುಂಡಿ ಒತ್ತಿದರು. ಸಂಖ್ಯೆ ಹೊರಗೆ ಹೋಯಿತು. ಸಂಜೆಯೊಳಗೆ ಟರ್ಕಿಯ ದರ ಏರಿತ್ತು.

ಶುಕ್ರವಾರ ಅಕ್ಕ ಹಲ್ಲು ಕೀಳಿಸಿಕೊಂಡು, ಬಾಯ್ತುಂಬ ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ಬರುತ್ತಿರುವಾಗ ತಮ್ಮನ ಫೋನ್ ಬಂತು.

“ಸಂತೋಷ ಆಯ್ತಾ ಅಕ್ಕಾ?”

“ಹೂಂ?”

“ಮಂಗಳವಾರಾನೇ ಮಾರಿಬಿಟ್ಟೆ. ಪೂರ್ತಿ. ನಾಲ್ಕು ಶೆಡ್ಡೂ. ದರ ಬಿದ್ದೋಗೋ ಮುಂಚೆ ಕೈ ತೊಳ್ಕೊಳ್ಳೋಣ ಅಂತ ಅವರು ಕೇಳಿದ ರೇಟಿಗೇ ಮಾತು ಕೊಟ್ಟೆ.”

“ಹೂಂ?”

“ಏನು ಹೂಂ? ನಿನ್ನ ಮುಖ ನೋಡೇ ಮಾರಿದ್ದು! ಊಟ ಬಿಟ್ಟೆ, ಕಣ್ಣೀರು ಹಾಕ್ದೆ, ಫ್ಯಾನ್ ಬೇಡ ಅಂದೆ. ಪಾಪ, ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಹೀಗಾದ್ರೂ ಸೂಚನೆ ಕೊಡ್ತಿದಾಳೆ ಅಂದ್ಕೊಂಡೆ. ಈಗ ನೋಡಿದ್ರೆ ಉಲ್ಟಾ! ಮೋಸ ಮಾಡೋಕೆ ನಾನೇ ಬೇಕಾಗಿತ್ತಾ?”

ಅವಳ ಬಾಯಿಂದ ಹತ್ತಿಯ ಸಂದಿಯಲ್ಲಿ ಮತ್ತೊಂದು ‘ಹೂಂ’ ಮಾತ್ರ ಬಂತು. ಅವನು ಫೋನ್ ಇಟ್ಟ.

ಮಾತು ಬಂದ ಮೇಲೆ ಅವಳು ಫೋನ್ ಮಾಡಿ ಹೇಳಬಹುದಿತ್ತು. ಎರಡು ಸಲ ಕೈಗೆತ್ತಿಕೊಂಡಳು ಕೂಡ. ಹಲ್ಲುನೋವು ಎಂದು ಹೇಳಿದರೆ ಅವನಿಗೆ ತಾನು ಇನ್ನೂ ದೊಡ್ಡ ದಡ್ಡ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳ ಮುಖವನ್ನು ಅವನು ಕದ್ದು ಓದುತ್ತಿದ್ದನಲ್ಲ ಎಂಬ ಸಿಟ್ಟು ಅವಳಿಗೂ ಇತ್ತು. ಫೋನ್ ಕೆಳಗಿಟ್ಟಳು. ತಾಯಿಗೆ ಇಬ್ಬರೂ ಏನೂ ಹೇಳಲಿಲ್ಲ. ಮುಂದಿನ ತಿಂಗಳು ತಮ್ಮ ಊಟಕ್ಕೆ ಬರಲಿಲ್ಲ.

ಅಷ್ಟರಲ್ಲಿ ಮಾಂಸದ ಕಂಪನಿಗಳು ಒಟ್ಟಾಗಿ ದೂರು ಕೊಟ್ಟಿದ್ದವು. ಹ್ಯಾಚರಿಗಳು ಹೆಚ್ಚು ಮರಿ ಮಾರಿದ ವರ್ಷ ಕೋಳಿ ಕಡಿಮೆಯಾದದ್ದು ಹೇಗೆ? ಲೆಕ್ಕ ಹಾಕಿದವಳ ಒಡಹುಟ್ಟಿದವನೇ ಟರ್ಕಿ ಸಾಕುವವನು. ದರ ಏರಿದರೆ ಯಾರಿಗೆ ಲಾಭ? ದೂರಿನಲ್ಲಿ ಇದ್ದುದು ಇಷ್ಟೇ, ಆದರೆ ಓದಿದವರಿಗೆ ಹೌದಲ್ಲ ಅನ್ನಿಸುವ ಹಾಗಿತ್ತು.

ಮುಖ್ಯಸ್ಥರು ಅಕ್ಕನನ್ನು ಕರೆದರು. “ನನಗೆ ಅನುಮಾನ ಇಲ್ಲ. ಆದ್ರೆ ವಿಚಾರಣೆ ಮುಗಿಯೋ ತನಕ ನೀವು ಟರ್ಕಿ ಮುಟ್ಟೋ ಹಾಗಿಲ್ಲ.”

“ಎಲ್ಲಿಗೆ ಹಾಕ್ತೀರಿ?”

“ಈರುಳ್ಳಿಗೆ.”

ಈರುಳ್ಳಿಯವನು ನಿವೃತ್ತಿಗೆ ಹತ್ತಿರವಿದ್ದವನು, ಮೆದು ಮನಸ್ಸಿನ ಮನುಷ್ಯ. ಮೇಜಿನ ಅರ್ಧ ಬಿಟ್ಟುಕೊಟ್ಟು, “ಇಲ್ಲಿಗೆ ಬಂದೋರೆಲ್ಲಾ ಅಳ್ತಾನೇ ಬರೋದು, ಯೋಚನೆ ಮಾಡ್ಬೇಡಿ” ಎಂದ. ಅಕ್ಕ ನಗಲಿಲ್ಲ. ಉಳಿದ ವಿಭಾಗದವರು ಅವಳನ್ನು ಕಂಡರೆ ಮೊದಲಿನಂತೆಯೇ ಮಾತಾಡಿಸುತ್ತಿದ್ದರು, ಸ್ವಲ್ಪ ಜೋರಾಗಿ. ಅವಳು ನೀರು ಕುಡಿಯಲು ಹೋದರೂ ಟರ್ಕಿಯ ಮೇಜಿನ ಕಡೆ ನೋಡದೆ ಸುತ್ತಿಕೊಂಡು ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದು ತಿಳಿದಿದ್ದರೂ.

ವಿಚಾರಣೆಗೆ ಬಂದ ಅಧಿಕಾರಿ ತೆಳ್ಳಗಿನ, ಮೆಲುದನಿಯ ಮನುಷ್ಯ. ಎರಡನೇ ಸುತ್ತಿನ ಫೋನುಗಳ ಬಗ್ಗೆ, ಸಾವಿನ ಪ್ರಮಾಣದ ಬಗ್ಗೆ ಅರ್ಧ ದಿನ ಕೇಳಿದ. ಅಕ್ಕ ಉತ್ತರಿಸಿದಳು. ಕೊನೆಗೆ ಅವನು ಪೆನ್ನು ಕೆಳಗಿಟ್ಟ.

“ಲೆಕ್ಕದಲ್ಲಿ ನನಗೆ ತಪ್ಪು ಕಾಣಿಸ್ತಿಲ್ಲ. ಆದ್ರೆ ದೂರು ಇರೋದು ಲೆಕ್ಕದ ಮೇಲಲ್ಲ, ಉದ್ದೇಶದ ಮೇಲೆ. ನಿಮ್ಮ ತಮ್ಮ ಈ ವರ್ಷ ಯಾವಾಗ ಮಾರಿದ್ರು, ಏನು ರೇಟಿಗೆ ಮಾರಿದ್ರು? ನಿಮಗೆ ಗೊತ್ತಾ?”

ಅವಳಿಗೆ ಗೊತ್ತಿತ್ತು. ಹೇಳಿದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು ಎಂಬುದೂ ಗೊತ್ತಿತ್ತು. ಆದರೆ ಹೇಳಿದರೆ ತಮ್ಮ ಅವಳ ಮುಖ ನೋಡಿ ವ್ಯಾಪಾರ ಮಾಡಿದ್ದು ಹೊರಗೆ ಬರುತ್ತಿತ್ತು, ಅವನು ನಾಲ್ಕು ಜನರ ಬಾಯಲ್ಲಿ ಬೀಳುತ್ತಿದ್ದ.

“ಅದು ಅವನ ವ್ಯಾಪಾರ. ಅವನನ್ನೇ ಕೇಳಿ.”

“ಅವರು ಬರಲೇಬೇಕು ಅಂತ ನಾನು ಬಲವಂತ ಮಾಡೋ ಹಾಗಿಲ್ಲ.”

“ನಾನೂ ಮಾಡಲ್ಲ” ಎಂದಳು ಅಕ್ಕ.

ಆ ಸಂಜೆ ತಾಯಿ ಕೇಳಿದಳು, “ಇದೇನೇ ದಿನಾ ಕೈಯೆಲ್ಲಾ ಈರುಳ್ಳಿ ವಾಸನೆ?” ಗೋದಾಮು ನೋಡಲು ಹೋಗಿದ್ದೆ ಎಂದು ಅಕ್ಕ ಹೇಳಿದಳು. ಗೋದಾಮಿಗೆ ಯಾಕೆ ಎಂದಳು ತಾಯಿ. ಒಂದರ ಹಿಂದೆ ಒಂದು ಪ್ರಶ್ನೆ ಬಂದು, ಮಲಗುವ ಮುಂಚೆ ತಾಯಿಗೆ ವಿಷಯವೆಲ್ಲ ಗೊತ್ತಾಗಿತ್ತು, ತಮ್ಮನ ಮಾರಾಟವೊಂದನ್ನು ಬಿಟ್ಟು. ಬೆಳಿಗ್ಗೆ ಅವಳು ಮಗನಿಗೆ ಫೋನ್ ಮಾಡಿ, “ಮರೀ, ನಿನ್ನಿಂದ ನಿಮ್ಮಕ್ಕನ್ನ ಈರುಳ್ಳಿಗೆ ಹಾಕಿದಾರೆ” ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ, ಯಾವತ್ತು ವಿಚಾರಣೆ ಎಂದು ಕೇಳಿದ.

ಮುಂದಿನ ವಿಚಾರಣೆಗೆ ಕಂಪನಿಗಳ ಪರವಾಗಿ ಖರೀದಿ ವ್ಯವಸ್ಥಾಪಕನೊಬ್ಬ ಬಂದು ಕೂತಿದ್ದ. ದಪ್ಪ ಉಂಗುರದ, ನಗುಮುಖದ ಮನುಷ್ಯ. ಬಾಗಿಲು ತೆರೆದುಕೊಂಡು ತಮ್ಮ ಒಳಗೆ ಬಂದ. ಫಾರಂನ ಬೂಟು ಬದಲಾಯಿಸಿರಲಿಲ್ಲ. ಅಕ್ಕನ ಕಡೆ ನೋಡಲಿಲ್ಲ. ವ್ಯವಸ್ಥಾಪಕನನ್ನು ನೋಡಿ, “ಓ, ನೀವೇನಾ” ಎಂದ.

ಅಧಿಕಾರಿ ಇಬ್ಬರನ್ನೂ ನೋಡಿದ. “ಪರಿಚಯಾನಾ?”

“ನನ್ನ ಕೋಳಿ ಪೂರ್ತಿ ಕೊಂಡಿದ್ದು ಇವರೇ ಸಾರ್. ಸಂಖ್ಯೆ ಬರೋಕೆ ಎರಡು ದಿನ ಮುಂಚೆ. ಅವತ್ತಿನ ಕಡಿಮೆ ರೇಟಿಗೆ. ಅಲ್ವಾ ಸಾರ್?”

ವ್ಯವಸ್ಥಾಪಕನ ನಗು ಹಾಗೇ ಇತ್ತು, ಆದರೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ನಗು. ಹತ್ತಾರು ಫಾರಂಗಳಿಂದ ಕೊಳ್ಳುತ್ತೇವೆ, ಎಲ್ಲ ನೆನಪಿರುವುದಿಲ್ಲ ಎಂದ. ಅಧಿಕಾರಿ ನೆನಪು ಮಾಡಿಕೊಳ್ಳಿ ಎಂದ. ಕಚೇರಿಗೆ ಫೋನ್ ಹಚ್ಚಿ ಕೇಳಿದ ಮೇಲೆ ಅವನಿಗೆ ನೆನಪಾಯಿತು.

“ಅಂದ್ರೆ” ಎಂದ ಅಧಿಕಾರಿ, “ದರ ಏರುತ್ತೆ ಅಂತ ನಿಮ್ಮ ಅಕ್ಕ ಹೇಳಿದ್ರೆ ನೀವು ಮಾರ್ತಾನೇ ಇರಲಿಲ್ಲ.”

“ಯಾವ ಹುಚ್ಚ ಮಾರ್ತಾನೆ ಸಾರ್?”

“ಹಾಗಾದ್ರೆ ಅವಸರ ಮಾಡಿ ಯಾಕೆ ಮಾರಿದ್ರಿ?”

ತಮ್ಮ ಬೂಟಿನ ತುದಿ ನೋಡಿಕೊಂಡ. “ಅಕ್ಕನ ಮುಖ ನೋಡಿ. ಅವಳು ಏನೂ ಹೇಳಲಿಲ್ಲ ಸಾರ್. ಯಾವತ್ತೂ ಹೇಳಿಲ್ಲ. ನಾನೇ ಊಹೆ ಮಾಡ್ಕೊಂಡೆ. ಊಟ ಮಾಡ್ತಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಈ ಸಲ ಕೋಳಿ ಜಾಸ್ತಿ, ನಮ್ಮ ಕಥೆ ಮುಗೀತು, ಅದಕ್ಕೇ ಸಂಕಟ ಪಡ್ತಿದಾಳೆ ಅಂದ್ಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನಾನು. ಬರ್ಕೊಳ್ಳಿ.”

ಅಧಿಕಾರಿ ಬರೆದುಕೊಂಡ. ಆಮೇಲೆ ಅಕ್ಕನ ಕಡೆ ತಿರುಗಿದ. “ಅವತ್ತು ನಿಮ್ಮ ಮುಖಕ್ಕೆ ಏನಾಗಿತ್ತು?”

“ಹಲ್ಲುನೋವು ಸಾರ್” ಎಂದಳು ಅಕ್ಕ.

ತಮ್ಮ ಮೊದಲ ಬಾರಿಗೆ ಅವಳ ಕಡೆ ನೋಡಿದ. ಅವನ ಮುಖದಲ್ಲಿ ಮೊದಲು ಅಪನಂಬಿಕೆ ಬಂತು, ಆಮೇಲೆ ನೋವು, ಕೊನೆಗೆ ತಡೆಯಲಾಗದೆ ನಗು. ಆ ನಗುವಿಗೆ ಅವನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದ. ಅಧಿಕಾರಿ ತಲೆಯೆತ್ತದೆ ಹಲ್ಲಿನ ಡಾಕ್ಟರರ ವಿಳಾಸ ಕೇಳಿದ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ನಿಂತರು.

“ಒಂದು ಮಾತು ಹೇಳೋಕೇನಾಗಿತ್ತೇ ನಿಂಗೆ?”

“ನಿಂಗೆ ಒಂದು ಮಾತು ಕೇಳೋಕೇನಾಗಿತ್ತೋ?”

“ಕೇಳಬಾರ್ದು ಅಂತ ತಾನೇ ಇಷ್ಟು ವರ್ಷ ಕೇಳ್ದೇ ಇದ್ದಿದ್ದು.”

“ಕೋಳಿ ವಿಚಾರ ಕೇಳಬೇಡ ಅಂದಿದ್ದು. ಯಾಕಕ್ಕಾ ಊಟ ಮಾಡ್ತಿಲ್ಲ ಅಂತ ಕೇಳಬೇಡ ಅಂದಿರಲಿಲ್ಲ.”

ಬೀದಿಯಲ್ಲಿ ಬಸ್ಸೊಂದು ಬಂದು ನಿಂತು ಹೋಯಿತು. “ತುಂಬಾ ನೋಯ್ತಿತ್ತಾ?” ಎಂದ ತಮ್ಮ.

“ಜೀವ ಹೋಗ್ತಿತ್ತು.”

ದೂರು ವಜಾ ಆಯಿತು. ಕಂಪನಿಗಳ ಕಸಾಯಿಖಾನೆಗಳಲ್ಲಿ ಆ ವರ್ಷ ಕೊಯ್ದ ಕೋಳಿಗಳ ಒಟ್ಟು ಕೆಲವು ತಿಂಗಳ ನಂತರ ಬಂದಾಗ, ಅಕ್ಕ ಹೇಳಿದ್ದಕ್ಕಿಂತಲೂ ಅದು ಸ್ವಲ್ಪ ಕಡಿಮೆಯೇ ಇತ್ತು. ಅವಳ ಅಂದಾಜು ತಪ್ಪಿದ್ದು ಕಂಪನಿಗಳ ಪರವಾಗಿ. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅಧಿಕಾರಿ ಮಾತ್ರ ತನ್ನ ವರದಿಯ ಕೊನೆಯಲ್ಲಿ ಒಂದು ಸಲಹೆ ಸೇರಿಸಿದ್ದ: ಹತ್ತಿರದ ಸಂಬಂಧಿಗಳು ಬೆಳೆಯುವ, ಸಾಕುವ ವಸ್ತುವಿನ ಲೆಕ್ಕವನ್ನು ಇನ್ನು ಮುಂದೆ ಸಿಬ್ಬಂದಿಗೆ ಕೊಡಬಾರದು. ತಪ್ಪಿಲ್ಲದವಳು ಹೀಗೆ ಟರ್ಕಿ ವಿಭಾಗದಿಂದ ಖಾಯಂ ಆಗಿ ಹೊರಗೆ ಬಂದಳು. ನಿಯಮ ಸರಿಯಾಗಿಯೇ ಇದೆ ಎಂದು ಅವಳು ಮುಖ್ಯಸ್ಥರಿಗೆ ಹೇಳಿದಳು. ಹೇಳಿ, ಟರ್ಕಿಯ ಮೇಜಿನ ಡ್ರಾಯರಿನಲ್ಲಿದ್ದ ತನ್ನ ಚಮಚ, ಶಾಲು, ಹಳೆಯ ಕನ್ನಡಕ ತೆಗೆದುಕೊಂಡು ಹೋದಳು. ಆ ವಾರವೆಲ್ಲ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ.

ಮುಂದಿನ ವರ್ಷ ತಮ್ಮ ಹೊಸ ಮರಿ ತಂದು ಅವು ಬಲಿಯುವ ಹೊತ್ತಿಗೆ, ಒಂದು ಭಾನುವಾರ ಅಕ್ಕ ತಾಯಿಯನ್ನು ಕರೆದುಕೊಂಡು ಅವನ ಫಾರಂಗೆ ಹೋದಳು. ದೇಶದ ಎಷ್ಟೋ ಫಾರಂಗಳನ್ನು ನೋಡಿದ್ದವಳು ತಮ್ಮನ ಶೆಡ್ಡಿನ ಹೊಸ್ತಿಲನ್ನು ಬೇಕೆಂದೇ ದಾಟಿರಲಿಲ್ಲ. ತಮ್ಮನ ಹೆಂಡತಿ ಬೂಟು ಕೊಟ್ಟಳು, ಔಷಧಿ ನೀರಿನ ತಟ್ಟೆಯಲ್ಲಿ ಕಾಲದ್ದಿಸಿದಳು. ಬಾಗಿಲು ತೆರೆದದ್ದೇ ಸಾವಿರ ಕುತ್ತಿಗೆಗಳು ಒಟ್ಟಿಗೇ ಎದ್ದವು. ತಾಯಿ ಹೊರಗಿನಿಂದಲೇ “ಏನೇ ಅದು ಗಲಾಟೆ?” ಎಂದಳು. ಅವಳ ದನಿಗೆ ಶೆಡ್ಡಿನ ಟರ್ಕಿಗಳೆಲ್ಲ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟವು. ತಾಯಿಗೆ ಖುಷಿಯಾಗಿ ಮತ್ತೆ ಕೂಗಿದಳು, ಅವೂ ಮತ್ತೆ ಕೂಗಿದವು.

“ಎಷ್ಟಿರಬಹುದು ಹೇಳು ನೋಡೋಣ” ಎಂದ ತಮ್ಮ, ಗದ್ದಲದ ಮೇಲೆ ದನಿಯೆತ್ತಿ.

ಅಕ್ಕ ಶೆಡ್ಡಿನ ಆ ತುದಿಯ ತನಕ ಕಣ್ಣು ಹಾಯಿಸಿ ಒಂದು ಸಂಖ್ಯೆ ಹೇಳಿದಳು.

ತಮ್ಮ ನಕ್ಕ. “ಅದರ ಅರ್ಧಾನೂ ಇಲ್ಲ ಕಣೇ!”

“ಕಣ್ಣಂದಾಜು ನನ್ನ ಕೆಲಸ ಅಲ್ಲ” ಎಂದಳು ಅಕ್ಕ. ಒಂದು ಟರ್ಕಿ ಹತ್ತಿರ ಬಂದು ಅವಳ ಅಂಗಿಯ ಗುಂಡಿಯನ್ನು ಕುಕ್ಕಿ ನೋಡಿತು. ಅವಳು ಅದನ್ನು ಅಟ್ಟದೆ, ಅದು ಗುಂಡಿಯನ್ನು ಬಿಡುವ ತನಕ ಹಾಗೇ ನಿಂತಿದ್ದಳು.